ಅಂಗಡಿ ಮುಚ್ಚುವವನು ಆಟವನ್ನೂ ಒಯ್ಯಬಹುದೆ?

"ಆಟ ತಾನೆ! ಹೋದರೆ ಹೋಯಿತು. ಅದಕ್ಕಾಗಿ ಅಳುವವರುಂಟೆ?" ಈ ಮಾತನ್ನು ಇತ್ತೀಚೆಗೆ ತಿಳಿದವರ ಬಾಯಿಂದಲೇ ಕೇಳಿದ್ದೇನೆ. ಅಧ್ಯಾಪಕರ ಕೊಠಡಿಯಲ್ಲಿ ಕೇಳಿದ್ದೇನೆ, ಮದುವೆಮನೆಯ ಪಂಕ್ತಿಯಲ್ಲಿಯೂ ಕೇಳಿದ್ದೇನೆ. ಹೇಳಿದವರು ಮಕ್ಕಳ ವೈರಿಗಳೇನೂ ಅಲ್ಲ. ಅವರ ಮನಸ್ಸಿನಲ್ಲಿದ್ದುದು ಇಷ್ಟೆ: ವಿಡಿಯೋ ಆಟವೆಂಬುದು ಹುಡುಗರು ಹೊತ್ತು ಕಳೆಯುವ ಪದಾರ್ಥ, ಕಡಲೆಕಾಯಿಯ ಪೊಟ್ಟಣದಂತೆ, ಮುಗಿದ ಮೇಲೆ ಕಾಗದವನ್ನು ಮುದುರಿ ಎಸೆಯುವುದೇ ಸರಿ. ಈ ಅಭಿಪ್ರಾಯ ತಪ್ಪು. ತಪ್ಪು ಮಾತ್ರವಲ್ಲ, ಅಪಾಯಕರವಾದದ್ದು ಎಂದು ನನ್ನ ಎಣಿಕೆ. ಏತಕ್ಕೆ ಎಂಬುದನ್ನು ಒಂದು ಆಟದ ಕತೆಯನ್ನೇ ಮುಂದಿಟ್ಟುಕೊಂಡು ಹೇಳುತ್ತೇನೆ. ಕನ್ನಡ ಪಾಠ ಹೇಳುವವನಿಗೆ ಈ ಊಸಾಬರಿ ಏಕೆ ಎನ್ನುವವರು ಸ್ವಲ್ಪ ತಾಳ್ಮೆಯಿಂದ ಕೊನೆಯವರೆಗೆ ಬರಬೇಕಾಗಿ ಬೇಡುತ್ತೇನೆ.

ಆ ಆಟದ ಹೆಸರು 'ಮಲ್ಟಿವರ್ಸಸ್'. ಹೊರತಂದವರು ಅಮೆರಿಕದ ವಾರ್ನರ್ ಬ್ರದರ್ಸ್ ಕಂಪನಿಯವರು. ಕಟ್ಟಿದವರು ಪ್ಲೇಯರ್ ಫಸ್ಟ್ ಗೇಮ್ಸ್ ಎಂಬ ಸಂಸ್ಥೆಯವರು. ಹಳೆಯ ಕಾರ್ಟೂನ್ ಚಿತ್ರಗಳ ಪಾತ್ರಗಳೆಲ್ಲ ಒಂದು ಕಣದಲ್ಲಿ ಕೂಡಿ ಕಾದಾಡುವುದೇ ಆಟ. ಟಾಮ್ ಎಂಬ ಬೆಕ್ಕು, ಜೆರಿ ಎಂಬ ಇಲಿ, ಬಗ್ಸ್ ಬನಿ ಎಂಬ ಮೊಲ, ಸುಂಟರಗಾಳಿಯಂತೆ ತಿರುಗುವ ಟಾಜ್, ಮಂಗಳ ಗ್ರಹದ ಮಾರ್ವಿನ್, ಸ್ಕೂಬಿ-ಡೂ ಮಾಲೆಯ ಶ್ಯಾಗಿ ಮತ್ತು ವೆಲ್ಮಾ, ಇವರ ಜೊತೆಗೆ ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್ ಮೊದಲಾದ ವೀರರು. ಕೊನೆಗೆ ಲೆಕ್ಕ ಹಾಕಿದರೆ 35 ಮಂದಿ. ಇಬ್ಬರು ಒಂದು ಕಡೆ, ಇಬ್ಬರು ಇನ್ನೊಂದು ಕಡೆ. ಆಡುವ ನಾಲ್ವರು ನಾಲ್ಕು ಊರುಗಳಲ್ಲಿ, ನಾಲ್ಕು ದೇಶಗಳಲ್ಲಿ ಇದ್ದರೂ ಸರಿಯೆ. ಪೆಟ್ಟು ತಿಂದಷ್ಟೂ ಪಾತ್ರ ಹಗುರವಾದಂತೆ ದೂರ ಹಾರಿ ಬೀಳುತ್ತದೆ. ಕಣದಿಂದಾಚೆಗೆ ಬಿದ್ದರೆ ಆ ಸುತ್ತು ಸೋತಂತೆ. ನೆತ್ತರಿಲ್ಲ, ಹೆಣವಿಲ್ಲ. ಬಿದ್ದವನು ಮರುಗಳಿಗೆಯಲ್ಲಿ ಮೈಕೊಡವಿಕೊಂಡು ಮತ್ತೆ ಬರುತ್ತಾನೆ. ಇದು ಹಳೆಯ ಕಾರ್ಟೂನಿನ ಧರ್ಮವೇ ಸರಿ.

2022ರ ಜುಲೈಯಲ್ಲಿ ಈ ಆಟ ಎಲ್ಲರಿಗೂ ತೆರೆಯಿತು. ಒಳಗೆ ಬರಲು ದುಡ್ಡಿಲ್ಲ. ಬಂದ ಮೇಲೆ ಪಾತ್ರಗಳಿಗೆ, ವೇಷಗಳಿಗೆ ದುಡ್ಡು. ಮೊದಲಿಗರಿಗೆಂದು 40, 60, 100 ಡಾಲರಿನ ಮೂರು ಗಂಟುಗಳನ್ನು ಮಾರಿದರು. ನೂರು ಡಾಲರೆಂದರೆ ಅಂದಿನ ಲೆಕ್ಕದಲ್ಲಿ ಸುಮಾರು ಎಂಟು ಸಾವಿರ ರೂಪಾಯಿ. ಆ ಬೆಲೆಗೆ ಮೂವತ್ತು ಪಾತ್ರಗಳನ್ನು ತನ್ನದಾಗಿಸಿಕೊಳ್ಳುವ ಚೀಟಿಗಳು. ಸ್ಟೀಮ್ ಎಂಬ ಒಂದು ಮಳಿಗೆಯ ಮೂಲಕವೇ ಏಕಕಾಲದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಆಡಿದ ದಿನವುಂಟು. ಆ ವರ್ಷದ ಡಿಸೆಂಬರಿನಲ್ಲಿ ಅಮೆರಿಕದ 'ಗೇಮ್ ಅವಾರ್ಡ್ಸ್' ಸಮಾರಂಭದಲ್ಲಿ ಕಾದಾಟದ ಆಟಗಳಲ್ಲಿ ಅತ್ಯುತ್ತಮವೆಂಬ ಪ್ರಶಸ್ತಿಯೂ ಬಂತು.

ಮುಂದಿನದು ಇಳಿಜಾರು. 2023ರ ಜೂನಿನಲ್ಲಿ "ಇದುವರೆಗಿನದು ಪರೀಕ್ಷಾರ್ಥ" ಎಂದು ಬಾಗಿಲು ಹಾಕಿದರು. ದುಡ್ಡು ತೆಗೆದುಕೊಂಡದ್ದು ಮಾತ್ರ ಪರೀಕ್ಷಾರ್ಥವಾಗಿರಲಿಲ್ಲ. 2024ರ ಮೇ 28ರಂದು ಹೊಸದಾಗಿ ಕಟ್ಟಿ ತೆರೆದರು. ಜನ ಬಂದರು, ನಿಲ್ಲಲಿಲ್ಲ. ಆ ವರ್ಷದ ನವೆಂಬರಿನಲ್ಲಿ ಕಂಪನಿ ತನ್ನ ಷೇರುದಾರರ ಮುಂದೆ ಆಟಗಳ ವಿಭಾಗದಲ್ಲಿ ಹತ್ತು ಕೋಟಿ ಡಾಲರುಗಳ ನಷ್ಟವನ್ನು ಬರೆದು ಹಾಕಿ, ಮುಖ್ಯವಾಗಿ ಈ ಆಟದ ಕಡೆಗೆ ಬೆರಳು ತೋರಿಸಿತು. 2025ರ ಜನವರಿ 31ರಂದು ಮುಚ್ಚುವ ಪ್ರಕಟಣೆ ಹೊರಟಿತು. ಫೆಬ್ರವರಿಯಲ್ಲಿ, ಕಟ್ಟಿದ ಸಂಸ್ಥೆಯನ್ನೇ ಇನ್ನೆರಡು ಸಂಸ್ಥೆಗಳೊಡನೆ ಮುಚ್ಚುವುದಾಗಿ ಹೇಳಿದರು. ಮೇ 30ರಂದು ಸರ್ವರುಗಳು ನಿಂತವು. ಮಳಿಗೆಗಳಿಂದ ಆಟವನ್ನು ತೆಗೆದು ಹಾಕಿದ್ದಾಯಿತು. ಇದು ಸಂಗತಿ.

*

ವ್ಯಾಪಾರ ಕೈಹತ್ತದೆ ಅಂಗಡಿ ಮುಚ್ಚುವುದು ಲೋಕರೂಢಿ. ಅದರ ಮೇಲೆ ನನಗೆ ದೂರಿಲ್ಲ. ಅವೆನ್ಯೂ ರಸ್ತೆಯಲ್ಲಿ ಪುಸ್ತಕದಂಗಡಿಯೊಂದು ಮುಚ್ಚಿದರೆ ನಮಗೆ ವ್ಯಥೆಯಾಗುತ್ತದೆ. ಆದರೆ ಅಂಗಡಿಯವನು ರಾತ್ರೋರಾತ್ರಿ ನಮ್ಮ ಮನೆಗೆ ಬಂದು, ಹತ್ತು ವರ್ಷದ ಹಿಂದೆ ಅವನಲ್ಲಿ ಕೊಂಡ ಪುಸ್ತಕವನ್ನು ಕಪಾಟಿನಿಂದ ಎಳೆದುಕೊಂಡು ಹೋಗುವುದಿಲ್ಲ. ಇಲ್ಲಿ ನಡೆದಿರುವುದು ಹೆಚ್ಚುಕಡಮೆ ಅದೇ. ಮಾರುವಾಗ ಸರಕು ಎಂದು ಮಾರಿ, ಮುಚ್ಚುವಾಗ ಅದು ಬಾಡಿಗೆಯೆಂದು ಹೇಳುವುದು ಯಾವ ನ್ಯಾಯ? ನನ್ನ ದೂರು ಇದೊಂದರ ಮೇಲೆ.

ಈ ಆಟದ ವಿಷಯದಲ್ಲಿ ಕಂಪನಿಯವರು ಒಂದು ದಾಕ್ಷಿಣ್ಯ ತೋರಿಸಿದ್ದಾರೆ. ಅದನ್ನು ಮುಚ್ಚಿಟ್ಟು ವಾದ ಮಾಡುವುದು ಸಜ್ಜನಿಕೆಯಲ್ಲ. ಕೊನೆಯ ನಾಲ್ಕು ತಿಂಗಳಲ್ಲಿ, ಎಂದರೆ 2025ರ ಫೆಬ್ರವರಿ 4ರಿಂದ ಮೇ 30ರೊಳಗೆ, ಒಮ್ಮೆಯಾದರೂ ಒಳಹೊಕ್ಕು ಹೊಸ ಪ್ರತಿಯನ್ನು ಇಳಿಸಿಕೊಂಡವರಿಗೆ, ಅವರ ಯಂತ್ರದಲ್ಲಿ ಆಟ ಉಳಿಯುವಂತೆ ಮಾಡಿದರು. ತಾವೊಬ್ಬರೇ ಯಂತ್ರದ ಎದುರು ಆಡಬಹುದು. ಒಂದೇ ಕೋಣೆಯಲ್ಲಿ ಕುಳಿತ ಮೂವರು ಗೆಳೆಯರೊಡನೆ ಆಡಬಹುದು. ದೂರದವರೊಡನೆ ಆಡುವಂತಿಲ್ಲ. ಆ ನಾಲ್ಕು ತಿಂಗಳಲ್ಲಿ ಪರೀಕ್ಷೆಯಲ್ಲಿಯೋ ಆಸ್ಪತ್ರೆಯಲ್ಲಿಯೋ ಇದ್ದು, ಒಳಹೊಗದೆ ತಪ್ಪಿಹೋದವನಿಗೆ ಏನೂ ಇಲ್ಲ. ಇಂದು ಹೊಸದಾಗಿ ನೋಡಬಯಸುವವನಿಗೂ ಏನೂ ಇಲ್ಲ.

ಈ ದಾಕ್ಷಿಣ್ಯಕ್ಕಾಗಿ ಅವರನ್ನು ಹೊಗಳುವವರಿದ್ದಾರೆ. ನನಗೆ ಇದು ಹೊಗಳಿಕೆಗಿಂತ ಹೆಚ್ಚಾಗಿ ಸಾಕ್ಷ್ಯವಾಗಿ ಕಾಣುತ್ತದೆ. ಸರ್ವರು ನಿಂತರೂ ಆಟವನ್ನು ಉಳಿಸಬಹುದು ಎಂಬುದನ್ನು ಮುಚ್ಚಿದವರೇ ಮಾಡಿ ತೋರಿಸಿದ್ದಾರಲ್ಲ! ಮೇ 30ರೊಳಗೆ ಬಂದವನಿಗೆ ಸಾಧ್ಯವಾದದ್ದು 31ರಂದು ಬಂದವನಿಗೆ ಏಕೆ ಸಾಧ್ಯವಿಲ್ಲ? ಇದು ಯಂತ್ರದ ತೊಡಕಲ್ಲ, ಮನಸ್ಸಿನ ತೊಡಕು. ಬಾವಿಯಲ್ಲಿ ನೀರಿದೆ; ಹಗ್ಗವನ್ನು ಮಾತ್ರ ಕತ್ತರಿಸಿ ಇಟ್ಟುಕೊಂಡಿದ್ದಾರೆ.

*

ಆಟದ ಒಳಗಿನ ಪಾತ್ರಗಳ ಪೂರ್ವೋತ್ತರವನ್ನು ವಿಚಾರಿಸಿದರೆ ಈ ಅನ್ಯಾಯದ ಬೇರು ಇನ್ನೂ ಕೆಳಗಿರುವುದು ಕಾಣುತ್ತದೆ. ಟಾಮ್ ಮತ್ತು ಬಗ್ಸ್ ಒಂದೇ ಅಂಗಳದವರಲ್ಲ. ಇಬ್ಬರೂ ಹುಟ್ಟಿದ್ದು 1940ರಲ್ಲಿ. ಬೆಕ್ಕು ಫೆಬ್ರವರಿಯಲ್ಲಿ ಎಂ.ಜಿ.ಎಂ. ಕಂಪನಿಯಲ್ಲಿ, ಮೊಲ ಜುಲೈಯಲ್ಲಿ ವಾರ್ನರ್ ಕಂಪನಿಯಲ್ಲಿ. ಎರಡೂ ಕಂಪನಿಗಳು ಪರಸ್ಪರ ಪೈಪೋಟಿಯವು. ಬೆಕ್ಕು-ಇಲಿಗಳನ್ನು ವಿಲಿಯಂ ಹ್ಯಾನಾ, ಜೋಸೆಫ್ ಬಾರ್ಬೆರಾ ಎಂಬ ಇಬ್ಬರು 1958ರವರೆಗೆ ತೆರೆಗೆ ಬಂದ 114 ಕಿರುಚಿತ್ರಗಳಲ್ಲಿ ಓಡಾಡಿಸಿದರು. ಮೊಲಕ್ಕೆ ಟೆಕ್ಸ್ ಏವರಿ ರೂಪು ಕೊಟ್ಟ. ಮೆಲ್ ಬ್ಲಾಂಕ್ ದನಿ ಕೊಟ್ಟ. ಚಕ್ ಜೋನ್ಸ್, ಫ್ರಿಜ್ ಫ್ರೆಲೆಂಗ್ ಮೊದಲಾದವರು ಸ್ವಭಾವ ಕೊಟ್ಟರು.

ಹಾಗಾದರೆ ಇವರು ಒಂದೇ ಕಣಕ್ಕೆ ಬಂದುದು ಹೇಗೆ? ಕವಿಯೊಬ್ಬನ ಕಲ್ಪನೆಯಿಂದಲ್ಲ, ಕ್ರಯಪತ್ರದಿಂದ. 1986ರಲ್ಲಿ ಟೆಡ್ ಟರ್ನರ್ ಎಂಬ ಧನಿಕ ಎಂ.ಜಿ.ಎಂ.ನ ಹಳೆಯ ಚಿತ್ರಭಂಡಾರವನ್ನು ಕೊಂಡ. 1991ರಲ್ಲಿ ಹ್ಯಾನಾ-ಬಾರ್ಬೆರಾ ಸಂಸ್ಥೆ ಅವನ ಕೈಸೇರಿತು. ಅದರೊಡನೆ 1969ರಲ್ಲಿ ಹುಟ್ಟಿದ ಸ್ಕೂಬಿ-ಡೂ ಕೂಡ. 1996ರಲ್ಲಿ ಟರ್ನರನ ಕಂಪನಿ ಟೈಮ್ ವಾರ್ನರ್ ಕಂಪನಿಯೊಳಗೆ ಕರಗಿತು. ಸೂಪರ್‌ಮ್ಯಾನ್ ಬಂದ ದಾರಿ ಬೇರೆ. 1938ರಲ್ಲಿ ಜೆರಿ ಸೀಗಲ್, ಜೋ ಶುಸ್ಟರ್ ಎಂಬ ಇಬ್ಬರು ಯುವಕರು ಆ ಪಾತ್ರದ ಸಮಸ್ತ ಹಕ್ಕನ್ನು 130 ಡಾಲರಿಗೆ ಬರೆದುಕೊಟ್ಟರು. ಆ ಪ್ರಕಾಶನ ಸಂಸ್ಥೆಯನ್ನು 1967ರಲ್ಲಿ ಕಿನ್ನಿ ಎಂಬ ಕಂಪನಿ ಕೊಂಡಿತು. ಅದೇ ಕಂಪನಿ 1969ರಲ್ಲಿ ವಾರ್ನರನ್ನೂ ಕೊಂಡಿತು. ಸೃಷ್ಟಿಸಿದ ಇಬ್ಬರಿಗೆ ವರ್ಷಕ್ಕೆ 20,000 ಡಾಲರಿನ ಮಾಸಾಶನವೂ, ಪುಟದ ಮೇಲೆ ತಮ್ಮ ಹೆಸರೂ ದೊರೆತದ್ದು 1975ರಲ್ಲಿ. ಅಷ್ಟು ಹೊತ್ತಿಗೆ ಅವರು ಅರುವತ್ತು ದಾಟಿದ್ದರು.

ನಮ್ಮ ರನ್ನ ಭೀಮ-ದುರ್ಯೋಧನರನ್ನು ಎದುರುಬದುರು ನಿಲ್ಲಿಸಿದಾಗ ಅವರ ಗದೆಗಳ ಹಿಂದೆ ಇಡೀ ಭಾರತವೇ ನಿಂತಿತ್ತು. ಒಂದೊಂದು ಪೆಟ್ಟಿಗೂ ಒಂದೊಂದು ಹಳೆಯ ಲೆಕ್ಕವಿತ್ತು. ಬ್ಯಾಟ್‌ಮ್ಯಾನಿಗೂ ಬಗ್ಸ್‌ಗೂ ಅಂಥ ಲೆಕ್ಕ ಯಾವುದಿದೆ? ಇಬ್ಬರ ಖಾತೆಯೂ ಒಂದೇ ಪೆಟ್ಟಿಗೆಯಲ್ಲಿದೆ ಎಂಬುದನ್ನು ಬಿಟ್ಟರೆ ಜಗಳಕ್ಕೆ ಕಾರಣವಿಲ್ಲ. ಚಕ್ ಜೋನ್ಸನ ಕೈಯಲ್ಲಿ ಬಗ್ಸ್ ತಾನಾಗಿ ಯಾರ ಮೇಲೂ ಹೋಗುವವನಲ್ಲ; ಕೆಣಕಿದವನನ್ನು ಬುದ್ಧಿಯಿಂದ ಸೋಲಿಸುವವನು. ಕಣದಲ್ಲಿ ಅವನೂ ಎಲ್ಲರಂತೆ ಮುಷ್ಟಿ ಬೀಸಬೇಕು. ಈ ದೋಷವನ್ನು ನಾನು ಒಪ್ಪುತ್ತೇನೆ. ಮಲ್ಟಿವರ್ಸಸ್ ಮಹಾಕೃತಿಯೆಂದು ನಾನು ವಾದಿಸುತ್ತಿಲ್ಲ.

ಆದರೂ ಒಂದು ಮಾತು. ಕ್ರಯಪತ್ರ ಕೂಡಿಸಿಕೊಟ್ಟ ಈ ಸಂತೆಯಲ್ಲಿಯೂ ಕಲಾವಿದರು ಕಲೆಯನ್ನು ತೋರಿಸಿದರು. ಟಾಮ್ ಮತ್ತು ಜೆರಿ ಇಬ್ಬರೂ ಈ ಆಟದಲ್ಲಿ ಕೂಡಿ ಒಬ್ಬ ಜಟ್ಟಿ. ಇವರು ಎದುರಾಳಿಯೊಡನೆ ಹೋರಾಡುವುದಕ್ಕಿಂತ ಹೆಚ್ಚಾಗಿ ತಮ್ಮತಮ್ಮಲ್ಲೇ ಕಚ್ಚಾಡುತ್ತಾರೆ. ಬೆಕ್ಕು ಇಲಿಗೆಂದು ಬೀಸಿದ ಪೆಟ್ಟು ಪಕ್ಕದಲ್ಲಿದ್ದ ಸೂಪರ್‌ಮ್ಯಾನಿಗೆ ತಗಲುತ್ತದೆ! ಲೋಕವನ್ನೇ ಹೊರುವ ವೀರ, ತನಗೆ ಸಂಬಂಧವಿಲ್ಲದ ಅಡಿಗೆಮನೆಯ ಜಗಳದಲ್ಲಿ ಪೆಟ್ಟು ತಿಂದು ಕಣದಾಚೆ ಬೀಳುತ್ತಾನೆ. ಇದನ್ನು ಕಲ್ಪಿಸಿದವರು ಆ ಹಳೆಯ ಚಿತ್ರಗಳನ್ನು ಬರಿದೆ ನೋಡಿದವರಲ್ಲ, ಉಂಡು ಅರಗಿಸಿಕೊಂಡವರು. ಶ್ಯಾಗಿಯ ವಿಷಯವೂ ಹೀಗೆಯೆ. ಮೂಲದಲ್ಲಿ ಅವನು ಹೆದರುಪುಕ್ಕ, ಹೊಟ್ಟೆಬಾಕ. ಆದರೆ ಅವನೊಳಗೆ ಅಪಾರ ಶಕ್ತಿ ಅಡಗಿದೆಯೆಂದು ಜನಸಾಮಾನ್ಯರು ಇಂಟರ್ನೆಟ್ಟಿನಲ್ಲಿ ಒಂದು ತಮಾಷೆ ಹುಟ್ಟಿಸಿದ್ದರು. ಆಟ ಕಟ್ಟಿದವರು ಆ ಜಾನಪದವನ್ನೇ ಎತ್ತಿಕೊಂಡು ಅವನಿಗೆ ಆ ಶಕ್ತಿಯನ್ನು ಕೊಟ್ಟರು. ದಶಕಗಳ ಕಾಲ ಬ್ಯಾಟ್‌ಮ್ಯಾನಿಗೆ ದನಿಯಾಗಿದ್ದ ಕೆವಿನ್ ಕಾನ್ರಾಯ್ ಇಲ್ಲಿಯೂ ದನಿ ಕೊಟ್ಟಿದ್ದಾರೆ. 2022ರ ನವೆಂಬರಿನಲ್ಲಿ ಅವರು ತೀರಿಕೊಂಡರು. ಆ ದನಿಯೂ ಬಾಗಿಲ ಒಳಗೆ ಉಳಿಯಿತು.

ಇಷ್ಟು ಜನರ ಬೆವರು, ಇಷ್ಟು ಜನರ ನಗೆ ಸೇರಿ ಆದದ್ದನ್ನು, ಹಕ್ಕುಪತ್ರ ಹಿಡಿದವನು ತಾನೊಬ್ಬನೇ ಆರಿಸಿಬಿಡಬಹುದೆ? ಇದು ನನ್ನ ಪ್ರಶ್ನೆ.

*

"ಹಿಂದೆಯೂ ಹೀಗೆಯೇ ನಡೆದಿದೆಯಲ್ಲ" ಎನ್ನಬಹುದು. ನಡೆದಿದೆ, ಆದರೆ ಹೀಗೆ ಅಲ್ಲ. ಎಂ.ಜಿ.ಎಂ. ತನ್ನ ಕಾರ್ಟೂನ್ ಶಾಲೆಯನ್ನು 1957ರಲ್ಲಿ ಮುಚ್ಚಿತು. ಲೆಕ್ಕಿಗರಿಗೆ ಒಂದು ಸತ್ಯ ಹೊಳೆದಿತ್ತು: ಹಳೆಯ ಚಿತ್ರಗಳನ್ನೇ ಮತ್ತೆ ತೋರಿಸಿದರೂ ಹೊಸದಕ್ಕೆ ಬರುವಷ್ಟೇ ವರಮಾನ ಹೆಚ್ಚುಕಡಮೆ ಬರುತ್ತದೆ, ಮತ್ತೆ ಹೊಸದೇಕೆ? ಏಳು ಆಸ್ಕರ್ ಪ್ರಶಸ್ತಿಗಳನ್ನು ಗೆದ್ದುಕೊಟ್ಟ ಜೋಡಿ ಮನೆಗೆ ಹೋಯಿತು. ಆ ಪ್ರಶಸ್ತಿಗಳನ್ನು ವೇದಿಕೆಯೇರಿ ಸ್ವೀಕರಿಸಿದವನು ಕೂಡ ನಿರ್ಮಾಪಕ ಫ್ರೆಡ್ ಕ್ವಿಂಬಿ, ಚಿತ್ರ ಮಾಡಿದವರಲ್ಲ. ವಾರ್ನರ್‌ನವರೋ 1948ಕ್ಕಿಂತ ಹಿಂದಿನ ತಮ್ಮ ಬಣ್ಣದ ಕಾರ್ಟೂನುಗಳನ್ನು 1956ರಲ್ಲಿ ಹೊರಗಿನವರಿಗೆ ಮಾರಿಬಿಟ್ಟರು. 1963ರಲ್ಲಿ ಕಾರ್ಟೂನ್ ಶಾಲೆಗೆ ಬೀಗ ಹಾಕಿದರು. ಆ ಕಾಲದ ಧಣಿಗಳು ಈ ಕಾಲದವರಿಗಿಂತ ಕಲಾಭಿಮಾನಿಗಳಾಗಿದ್ದರು ಎನ್ನುವುದಕ್ಕೆ ಆಧಾರವಿಲ್ಲ.

ಆದರೆ ಒಂದು ವ್ಯತ್ಯಾಸವುಂಟು, ನೋಡಿ. ಅಂದು ಶಾಲೆ ಮುಚ್ಚಿತು, ಚಿತ್ರದ ಡಬ್ಬಿಗಳು ಉಳಿದವು. ಕೈಯಿಂದ ಕೈಗೆ ಹೋದರೂ ಉಳಿದವು. ಉಳಿದದ್ದರಿಂದಲೇ ಅವು ಟೆಲಿವಿಷನ್ನಿಗೆ ಬಂದವು. 1995ರಲ್ಲಿ ಕಾರ್ಟೂನ್ ನೆಟ್‌ವರ್ಕ್ ಭಾರತಕ್ಕೆ ಬಂದಾಗ ನಮ್ಮ ಊರುಗಳ ಮನೆಗಳಿಗೂ ಬಂದವು. ಮಾತೇ ಆಡದ ಬೆಕ್ಕು-ಇಲಿಗಳಿಗೆ ಭಾಷೆಯ ಗಡಿ ಇರಲಿಲ್ಲ. ಇಂಗ್ಲಿಷ್ ಬಾರದ ಅಜ್ಜಿಯಂದಿರು ಮೊಮ್ಮಕ್ಕಳ ಪಕ್ಕದಲ್ಲಿ ಕುಳಿತು ನಗುತ್ತಿದ್ದುದನ್ನು ನನ್ನ ವಯಸ್ಸಿನವರು ಬಲ್ಲರು. ಸಿನಿಮಾಕ್ಕೆ ಮುಂಚೆ ಏಳು ನಿಮಿಷ ತುಂಬಿಸಲು ಮಾಡಿದ ಚಿಲ್ಲರೆ ಪದಾರ್ಥ ಅದು. ಚಕ್ ಜೋನ್ಸನು 1957ರಲ್ಲಿ ಬಗ್ಸ್‌ನನ್ನಿಟ್ಟು ಮಾಡಿದ 'ವಾಟ್ಸ್ ಆಪೆರಾ, ಡಾಕ್?' ಎಂಬ ಏಳು ನಿಮಿಷದ ಚಿತ್ರವನ್ನು 1992ರಲ್ಲಿ ಅಮೆರಿಕ ದೇಶ ತನ್ನ ರಾಷ್ಟ್ರೀಯ ಚಿತ್ರಪಟ್ಟಿಗೆ ಸೇರಿಸಿಕೊಂಡಿತು. ಮಾಡಿದಾಗ ಚಿಲ್ಲರೆ, ಮೂವತ್ತೈದು ವರ್ಷದ ಮೇಲೆ ರಾಷ್ಟ್ರದ ಆಸ್ತಿ! ಆ ತೀರ್ಪು ಕೊಡಲು ಕಾಲಕ್ಕೆ ಅವಕಾಶ ಸಿಕ್ಕಿದ್ದು ವಸ್ತು ಉಳಿದಿದ್ದರಿಂದ. 2025ರಲ್ಲಿ ಶಾಲೆಯೊಡನೆ ಡಬ್ಬಿಯನ್ನೂ ಮುಚ್ಚಿದರು. ಕಾಲ ಇನ್ನು ಯಾವುದನ್ನು ನೋಡಿ ತೀರ್ಪು ಕೊಡಬೇಕು?

ಕನ್ನಡ ಪಾಠ ಹೇಳುವವನಿಗೆ ಇದರಲ್ಲಿ ಏನು ಕೆಲಸ ಎಂದವರಿಗೆ ಉತ್ತರ ಇಲ್ಲಿದೆ. ಕಳೆದುಹೋದದ್ದರ ನೋವು ನಮ್ಮ ಕಸುಬಿನ ಭಾಗ. ಪೊನ್ನನ ಭುವನೈಕರಾಮಾಭ್ಯುದಯ ಇಲ್ಲ. ರನ್ನನ ಪರಶುರಾಮಚರಿತ ಇಲ್ಲ. ಹೆಸರು ಹೇಳುತ್ತೇವೆ, ವಿದ್ಯಾರ್ಥಿಗಳು ಬರೆದುಕೊಳ್ಳುತ್ತಾರೆ, ಓದುವುದಕ್ಕೆ ಒಂದು ಗರಿಯೂ ಇಲ್ಲ. 1934ರಲ್ಲಿ ತೆರೆಕಂಡ ಕನ್ನಡದ ಮೊದಲ ಮಾತಿನ ಚಿತ್ರ 'ಸತಿ ಸುಲೋಚನ' ಇಂದು ನೋಡಲು ಸಿಗುವುದಿಲ್ಲ. ವಚನಗಳು ನಮಗೆ ಇಷ್ಟರಮಟ್ಟಿಗೆ ದಕ್ಕಿದ್ದು, ಫ. ಗು. ಹಳಕಟ್ಟಿಯಂಥವರು ವಕೀಲಿಯ ನಡುವೆಯೂ ಓಲೆಗರಿಗಳನ್ನು ಹುಡುಕಿ ಅಲೆದು, 1923ರಲ್ಲಿ ವಚನಶಾಸ್ತ್ರಸಾರವನ್ನು ಅಚ್ಚು ಹಾಕಿಸಿದ್ದರಿಂದ. ಓಲೆಗರಿ ಹುಳು ತಿಂದು ಹೋಯಿತು, ಮಳೆಗೆ ನೆನೆದು ಹೋಯಿತು, ಅಜ್ಞಾನದಿಂದ ಹೊಳೆಗೆ ಹೋಯಿತು. ಹುಳುವಿಗೆ ಬುದ್ಧಿಯಿಲ್ಲ, ಅದನ್ನು ದೂರುವಂತಿಲ್ಲ. ಬುದ್ಧಿಯುಳ್ಳವರು, ವಕೀಲರನ್ನು ಕೇಳಿ, ದಿನಾಂಕ ಗೊತ್ತುಮಾಡಿ, ಪ್ರಕಟಣೆ ಹೊರಡಿಸಿ ಒಂದು ಕೃತಿಯನ್ನು ಇಲ್ಲದಂತೆ ಮಾಡುವುದನ್ನು ಏನೆಂದು ಕರೆಯಬೇಕು?

*

ಇನ್ನು ಪೂರ್ವಪಕ್ಷಗಳನ್ನು ನೋಡೋಣ.

ಮೊದಲನೆಯದು: "ಸರ್ವರು ನಡೆಸಲು ಖರ್ಚು ಬರುತ್ತದೆ. ನಷ್ಟದಲ್ಲಿ ಎಂದೆಂದಿಗೂ ನಡೆಸಿರೆಂದು ಹೇಳಲು ನೀವು ಯಾರು?" ನ್ಯಾಯವಾದ ಮಾತು. ಎಂದೆಂದಿಗೂ ನಡೆಸಿರೆಂದು ನಾನು ಹೇಳುತ್ತಲೇ ಇಲ್ಲ. ಹೋಗುವವರು ಬೀಗದ ಕೈಯನ್ನು ಇಟ್ಟು ಹೋಗಲಿ ಎನ್ನುತ್ತೇನೆ. ಇದು ಆಗದ ಕೆಲಸವಲ್ಲ. 'ನಾಕೌಟ್ ಸಿಟಿ' ಎಂಬ ಚೆಂಡಾಟವನ್ನು ವೆಲಾನ್ ಎಂಬ ಸಂಸ್ಥೆ 2023ರ ಜೂನಿನಲ್ಲಿ ನಿಲ್ಲಿಸಿತು. ನಿಲ್ಲಿಸುವಾಗ, ಬೇಕಾದವರು ತಮ್ಮದೇ ಸರ್ವರು ಇಟ್ಟುಕೊಂಡು ಆಡುವಂತೆ ಒಂದು ಪ್ರತಿಯನ್ನು ಬಿಟ್ಟಿಯಾಗಿ ಹೊರಗೆ ಬಿಟ್ಟಿತು. ದೊಡ್ಡ ಕಂಪನಿಗೆ ಆಗದ ಔದಾರ್ಯ ಚಿಕ್ಕ ಸಂಸ್ಥೆಗೆ ಆಯಿತು. ಇನ್ನೂ ಹಿಂದೆ ಹೋಗಿ: ಈ ಬಗೆಯ ಕಾದಾಟದ ಆಟಗಳಿಗೆಲ್ಲ ಮೂಲಪುರುಷನಾದ ಜಪಾನಿನ ನಿಂಟೆಂಡೊದವರ 'ಸೂಪರ್ ಸ್ಮ್ಯಾಶ್ ಬ್ರದರ್ಸ್' 1999ರದು. ಆ ಕಾರ್ಟ್ರಿಡ್ಜನ್ನು ಕೊಂಡಿಟ್ಟುಕೊಂಡವನು, ಯಂತ್ರ ಸರಿಯಾಗಿದ್ದರೆ ಈ ರಾತ್ರಿಯೂ ಆಡಬಹುದು; ಯಾರ ಅಪ್ಪಣೆಯನ್ನೂ ಕೇಳಬೇಕಾಗಿಲ್ಲ. ಕಾಲು ಶತಮಾನದಲ್ಲಿ ನಾವು ಮುಂದೆ ಬಂದೆವೋ ಹಿಂದೆ ಹೋದೆವೋ ಓದುಗರೇ ಹೇಳಲಿ.

ಎರಡನೆಯದು: "ಕರಾರಿಗೆ ಒಪ್ಪಿಯೇ ಅಲ್ಲವೆ ಕೊಂಡದ್ದು? ಇದು ಪರವಾನಗಿ, ಮಾರಾಟವಲ್ಲ ಎಂದು ಅದರಲ್ಲಿ ಬರೆದಿದೆ." ಬರೆದಿದೆ, ಸರಿ. ಹತ್ತಾರು ಪುಟಗಳ ಅಡಿಯಲ್ಲಿ, ಇರುವೆಯ ಕಾಲಿನಂಥ ಅಕ್ಷರದಲ್ಲಿ ಬರೆದಿದೆ. ಆದರೆ ಮೇಲೆ, ಬಣ್ಣದ ಗುಂಡಿಯ ಮೇಲೆ, ದಪ್ಪಕ್ಷರದಲ್ಲಿ ಬರೆದಿರುವುದೇನು? 'ಕೊಳ್ಳಿರಿ' ಎಂದು. 'ಕೆಲಕಾಲ ಆಡಲು ಅಪ್ಪಣೆ ಪಡೆಯಿರಿ' ಎಂದಲ್ಲ. ಭಾಷೆಯ ಮೇಷ್ಟ್ರಾಗಿ ನನಗೆ ಇದು ಶಬ್ದಾಪರಾಧವಾಗಿ ಕಾಣುತ್ತದೆ. ಒಂದು ಕ್ರಿಯಾಪದಕ್ಕೆ ಸಂತೆಯಲ್ಲಿ ಒಂದು ಅರ್ಥ, ಕೋರ್ಟಿನಲ್ಲಿ ಇನ್ನೊಂದು ಅರ್ಥ ಇರಕೂಡದು. ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯಕ್ಕೆ ಇದು ಹೊಳೆಯಿತು. 2024ರಲ್ಲಿ ಒಪ್ಪಿ 2025ರ ಜನವರಿಯಿಂದ ಜಾರಿಗೆ ತಂದ ಕಾನೂನಿನಲ್ಲಿ, ಪರವಾನಗಿಯನ್ನು ಮಾತ್ರ ಕೊಡುವವರು ಅದನ್ನು ಸ್ಪಷ್ಟವಾಗಿ ಹೇಳದೆ 'ಕೊಳ್ಳಿರಿ' ಎನ್ನಕೂಡದೆಂದು ವಿಧಿಸಿದ್ದಾರೆ. ಇದು ಅರ್ಧ ಔಷಧಿ. ರೋಗದ ಹೆಸರನ್ನು ಹೇಳುತ್ತದೆ, ರೋಗವನ್ನು ಕಳೆಯುವುದಿಲ್ಲ.

ಮೂರನೆಯದು ನಮ್ಮ ಹಿರಿಯರದು: "ಹೊಡೆದಾಟದ ಆಟ, ಹೋದದ್ದೇ ಒಳ್ಳೆಯದಾಯಿತು. ಹುಡುಗರು ಎರಡಕ್ಷರ ಓದಲಿ." ಹುಡುಗರು ಓದಲಿ ಎನ್ನುವುದರಲ್ಲಿ ನನ್ನದು ಎರಡು ಕೈಗಳ ಅನುಮೋದನೆ. ಆದರೆ ನನಗೆ ಸೇರದ್ದು ಅಳಿಯಲಿ ಎಂಬ ಸೂತ್ರವನ್ನು ಹಿಡಿದರೆ ಯಾವುದು ಉಳಿದೀತು? ಕಾದಂಬರಿ ಓದಿದರೆ ಹೆಂಗಸರು ಕೆಡುತ್ತಾರೆ ಎಂದ ಕಾಲವಿತ್ತು. ನಾಟಕ ನೋಡಿದರೆ ಹುಡುಗರು ಕೆಡುತ್ತಾರೆ ಎಂದ ಕಾಲವಿತ್ತು. ಅವರ ಮಾತು ನಡೆದಿದ್ದರೆ ಇಂದು ಪಠ್ಯಪುಸ್ತಕಕ್ಕೆ ಏನನ್ನು ಹಾಕುತ್ತಿದ್ದೆವು? ಮೇಲಾಗಿ, ಈ ಆಟದ ಹೊಡೆದಾಟ ಬೆಕ್ಕಿನ ಮೂತಿ ಬಾಣಲಿಯಂತೆ ಚಪ್ಪಟೆಯಾಗಿ ಮರುಕ್ಷಣ ಸರಿಯಾಗುವಂಥದು. ಅದನ್ನು ನೋಡಿ ಕೊಲೆಗೆ ಹೊರಟ ಅಜ್ಜಿಯನ್ನು ನಾನು ಕಂಡಿಲ್ಲ.

ನಾಲ್ಕನೆಯದು ಸೂಕ್ಷ್ಮವಾದದ್ದು: "ಆಟ ಕೆಟ್ಟದಾಗಿತ್ತು, ಜನ ಬಿಟ್ಟರು, ಅದು ಸತ್ತಿತು. ಸತ್ತದ್ದಕ್ಕೆ ಶ್ರಾದ್ಧವೇಕೆ?" ಜನ ಬಿಟ್ಟದ್ದು ನಿಜ. ಎರಡನೆಯ ಬಾರಿ ತೆರೆದಾಗ ಹೊಸ ಪಾತ್ರ ಪಡೆಯಲು ದುಡ್ಡನ್ನೋ ದಿನಗಟ್ಟಲೆ ದುಡಿಮೆಯನ್ನೋ ಸುರಿಯುವಂತೆ ಮಾಡಿ ಆಟಗಾರರ ಬೇಸರವನ್ನು ಕಟ್ಟಿಕೊಂಡರು. ಆಟವನ್ನು ಆಟವಾಗಿ ಬಿಡದೆ ದಿನಕ್ಕೊಂದು ಕಂತಿನ ಸಾಲವಾಗಿ ಮಾಡಿದರೆ ಜನ ಉಳಿಯುವುದು ಕಷ್ಟ. ಆದರೆ ಉಳಿಸುವ ಹಕ್ಕು ಗುಣವನ್ನು ನೋಡಿ ಬರತಕ್ಕದ್ದಲ್ಲ. ನಮ್ಮ ಗ್ರಂಥಾಲಯಗಳಲ್ಲಿ ಕೆಟ್ಟ ಕಾದಂಬರಿಗಳು ಸಾವಿರ ಇವೆ. ಅವುಗಳನ್ನು ಸುಡಬೇಕೆಂದು ಯಾರೂ ಹೇಳುವುದಿಲ್ಲ. ಕೆಟ್ಟದ್ದು ಏಕೆ ಕೆಟ್ಟಿತು ಎಂದು ತಿಳಿಯುವುದಕ್ಕೂ ಅದು ಎದುರಿಗೆ ಇರಬೇಕು. ಮುಂದೆ ಆಟ ಕಟ್ಟುವ ಹುಡುಗನೊಬ್ಬ, ಟಾಮ್-ಜೆರಿಗಳ ಆ ಕೂಟವನ್ನು ಹೇಗೆ ಹೆಣೆದಿದ್ದರು ಎಂದು ನೋಡಬಯಸಿದರೆ ಅವನಿಗೆ ಯಾವುದನ್ನು ತೋರಿಸೋಣ? ಯಾರೋ ಆಡಿದ್ದನ್ನು ಹಿಡಿದ ಚಲನಚಿತ್ರವನ್ನೆ? ಅದು ಊಟದ ಪಟವನ್ನು ನೋಡಿದಂತೆ.

*

ಹಾಗಾದರೆ ಏನು ಮಾಡಬೇಕು? ಯೂರೋಪಿನ ಜನ ಒಂದು ದಾರಿ ತೋರಿಸಿದ್ದಾರೆ. ಯೂಬಿಸಾಫ್ಟ್ ಕಂಪನಿ 2014ರಲ್ಲಿ ಮಾರಿದ 'ದಿ ಕ್ರೂ' ಎಂಬ ಕಾರೋಟದ ಆಟವನ್ನು 2024ರ ಮಾರ್ಚ್ 31ರಂದು ಆರಿಸಿತು. ದುಡ್ಡು ಕೊಟ್ಟು ಕೊಂಡವರೂ ಒಬ್ಬರೇ ಕೂತು ಸಹ ಆಡದಂತಾಯಿತು. ಇದರಿಂದ ಕೆರಳಿದವರು ರಾಸ್ ಸ್ಕಾಟ್ ಎಂಬವರ ಮುಂದಾಳುತನದಲ್ಲಿ 'ಆಟಗಳನ್ನು ಕೊಲ್ಲುವುದನ್ನು ನಿಲ್ಲಿಸಿ' ಎಂಬ ಚಳವಳಿ ಹೂಡಿದರು. ಐರೋಪ್ಯ ಒಕ್ಕೂಟಕ್ಕೆ ಪ್ರಜೆಗಳು ಸಲ್ಲಿಸಬಹುದಾದ ಮನವಿಗೆ ಹತ್ತು ಲಕ್ಷ ಸಹಿ ಬೇಕು. 2025ರ ಜುಲೈಯಲ್ಲಿ ಅದು ಆ ಗಡಿ ದಾಟಿತು. ಅವರು ಕೇಳುವುದು ಇಷ್ಟೆ: ಮಾರಿದ ಆಟವನ್ನು, ನೀವು ಕೈಬಿಟ್ಟ ಮೇಲೂ ಆಡುವ ಸ್ಥಿತಿಯಲ್ಲಿ ಬಿಟ್ಟು ಹೋಗಿ. ಇದಕ್ಕಿಂತ ಮಿತವಾದ ಬೇಡಿಕೆ ಇರಲಾರದು.

ನಮ್ಮ ದೇಶದಲ್ಲಿ? 2025ರ ಆಗಸ್ಟಿನಲ್ಲಿ ನಮ್ಮ ಸಂಸತ್ತು ಆನ್‌ಲೈನ್ ಆಟಗಳ ಮೇಲೆ ಒಂದು ಕಾಯಿದೆ ಮಾಡಿತು. ಹಣ ಪಣವಿಟ್ಟು ಆಡುವ ಆಟಗಳನ್ನು ನಿಷೇಧಿಸಿತು. ಇ-ಸ್ಪೋರ್ಟ್ಸ್ ಎಂಬ ಪಂದ್ಯಾಟಗಳಿಗೆ ಮನ್ನಣೆ ಕೊಟ್ಟಿತು. ಜೂಜನ್ನು ತಡೆದದ್ದು ಸರಿಯೆ. ಆದರೆ ಕೊಂಡ ಆಟ ಕೊಂಡವನ ಕೈಯಲ್ಲಿ ಉಳಿಯಬೇಕೆಂಬ ಚಿಂತೆ ಶಾಸನಕರ್ತರಿಗೆ ಬರಲಿಲ್ಲ. 2019ರ ಗ್ರಾಹಕ ರಕ್ಷಣಾ ಕಾಯಿದೆಯಲ್ಲಿ ಅನ್ಯಾಯದ ಕರಾರು ಎಂಬ ಒಂದು ಮಾತಿದೆ; ಒಂದು ಕಡೆಯವನು ತನಗೆ ಬೇಕಾದಂತೆ ಬರೆದು ಇನ್ನೊಬ್ಬನನ್ನು ಕಟ್ಟಿಹಾಕುವುದನ್ನು ಅದು ತಡೆಯಬಯಸುತ್ತದೆ. ವಕೀಲ ಮಿತ್ರರು ಈ ಮಾತಿನ ಅಂಚು ಎಲ್ಲಿಯವರೆಗೆ ಹೋಗುತ್ತದೆಂದು ಅಳೆದು ನೋಡಬೇಕು.

ಇದಕ್ಕಿಂತ ಹಳೆಯ, ನನಗೆ ಹೆಚ್ಚು ಪ್ರಿಯವಾದ ಒಂದು ಕಾನೂನೂ ನಮ್ಮಲ್ಲಿದೆ. 1954ರ ಕಾಯಿದೆಯ ಪ್ರಕಾರ ಈ ದೇಶದಲ್ಲಿ ಅಚ್ಚಾದ ಪ್ರತಿ ಪುಸ್ತಕದ ಪ್ರತಿಯನ್ನು ಪ್ರಕಾಶಕರು ಕಲ್ಕತ್ತೆಯ ರಾಷ್ಟ್ರೀಯ ಗ್ರಂಥಾಲಯಕ್ಕೂ ಗೊತ್ತಾದ ಇತರ ಗ್ರಂಥಾಲಯಗಳಿಗೂ ಕಳುಹಿಸಿಕೊಡಬೇಕು. ಮಹಾಕಾವ್ಯವಾಗಲಿ, ಗುರುಮಂತ್ರದ ಚೋಪಡಿಯಾಗಲಿ, ಭೇದವಿಲ್ಲ. ಪ್ರಕಾಶಕ ದಿವಾಳಿಯೆದ್ದರೂ ಪುಸ್ತಕ ಬದುಕುತ್ತದೆ. ಅಂದಿನ ಶಾಸನಕರ್ತರಿಗೆ, ಮುದ್ರಿಸಿದವನ ಆಯುಷ್ಯಕ್ಕಿಂತ ಮುದ್ರಿತವಾದದ್ದರ ಆಯುಷ್ಯ ದೊಡ್ಡದಾಗಿರಬೇಕು ಎಂಬ ವಿವೇಕವಿತ್ತು. ಅದೇ ವಿವೇಕವನ್ನು ಆಟಕ್ಕೆ ಅನ್ವಯಿಸಲು ಅಡ್ಡಿಯೇನು? ಬೆಂಗಳೂರಿನಲ್ಲಿಯೇ ಎಷ್ಟೋ ಯುವಕರು ಆಟಗಳನ್ನು ಕಟ್ಟುವ ಉದ್ಯೋಗದಲ್ಲಿದ್ದಾರೆ. ಅವರ ಹತ್ತು ವರ್ಷದ ದುಡಿಮೆ ಯಾವುದೋ ದೂರದ ಲೆಕ್ಕಿಗನ ಒಂದು ಗೆರೆಗೆ ಅಳಿಸಿಹೋಗಬಾರದು.

ಆದ್ದರಿಂದ ನನ್ನ ಬೇಡಿಕೆ ಮೂರು. ಒಂದು, ದುಡ್ಡು ತೆಗೆದುಕೊಂಡ ಆಟವನ್ನು ಮುಚ್ಚುವವನು, ಅದು ಕೊಂಡವರ ಕೈಯಲ್ಲಿ ದಿನಾಂಕದ ಹಂಗಿಲ್ಲದೆ ನಡೆಯುವಂತೆ ಮಾಡಿ ಹೋಗತಕ್ಕದ್ದು. ಎರಡು, ಅದು ಆಗದಿದ್ದಲ್ಲಿ, ಕೊಳ್ಳುವ ಮೊದಲೇ ಎಷ್ಟು ಕಾಲ ನಡೆಸುತ್ತೇವೆಂದು ದಪ್ಪಕ್ಷರದಲ್ಲಿ ಹೇಳತಕ್ಕದ್ದು. 'ಕೊಳ್ಳಿರಿ' ಎಂಬ ಶಬ್ದವನ್ನು ಬಿಡತಕ್ಕದ್ದು. ಮೂರು, ಆಟದ ಒಂದು ಪೂರ್ಣ ಪ್ರತಿಯನ್ನು, ಸರ್ವರಿನ ಭಾಗವನ್ನೂ ಸೇರಿಸಿ, ಸಾರ್ವಜನಿಕ ಗ್ರಂಥಾಲಯವೊಂದಕ್ಕೆ ಒಪ್ಪಿಸತಕ್ಕದ್ದು. ಹಕ್ಕು ಕಂಪನಿಯದೇ ಇರಲಿ. ಲಾಭ ಬಂದರೆ ಅವರೇ ಉಣ್ಣಲಿ. ಕೃತಿ ಮಾತ್ರ ಉಳಿಯಲಿ.

ಅಮೆರಿಕದ ಕಾನೂನಿನಂತೆ 1940ರ ಟಾಮ್ ಮತ್ತು ಬಗ್ಸ್ ಚಿತ್ರಗಳು 95 ವರ್ಷ ತುಂಬಿ 2036ರ ಜನವರಿ 1ರಂದು ಯಾರ ಸೊತ್ತೂ ಅಲ್ಲದೆ, ಎಲ್ಲರ ಸೊತ್ತೂ ಆಗುತ್ತವೆ. ಅಂದು ಆ ಹಳೆಯ ಚಿತ್ರಗಳನ್ನು ಯಾವ ಮಗುವೂ ಯಾರನ್ನೂ ಕೇಳದೆ ನೋಡಬಹುದು, ತಿದ್ದಬಹುದು, ಮುಂದುವರಿಸಬಹುದು. 2022ರ ಆಟಕ್ಕೂ ಅಂಥ ಒಂದು ದಿನ ಲೆಕ್ಕದಲ್ಲಿ ಬರುತ್ತದೆ. ಆ ದಿನ ಹಕ್ಕು ಜನರ ಕೈಗೆ ಬಂದೀತು. ಕೈಗೆ ಬಂದ ಹಕ್ಕನ್ನು ಇಡುವುದಕ್ಕೆ ವಸ್ತು ಇರುವಂತೆ ನೋಡಿಕೊಳ್ಳುವುದು ಈಗ ಬದುಕಿರುವವರ ಕೆಲಸ.